ಎಂಎಸ್ ಮತ್ತು ಪಥ್ಯ: ಯಾವುದನ್ನು ಆರಿಸಿಕೊಳ್ಳಬೇಕು, ಯಾವುದನ್ನು ಕೈಬಿಡಬೇಕು

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇದೆ ಎಂದು ಗೊತ್ತಾದ ಕೆಲವೇ ದಿನಗಳಲ್ಲಿ ಹೆಚ್ಚಿನವರ ಕೈಗೆ ನಾಲ್ಕೈದು ಪಥ್ಯಗಳ ಪಟ್ಟಿ ಬಂದು ಸೇರುತ್ತದೆ. ಒಂದು ಕೊಬ್ಬು ಬೇಡ ಎನ್ನುತ್ತದೆ, ಇನ್ನೊಂದು ಧಾನ್ಯ ಬೇಡ ಎನ್ನುತ್ತದೆ, ಮತ್ತೊಂದು ಹಾಲು ಬಿಡಿ ಎನ್ನುತ್ತದೆ, ನಾಲ್ಕನೆಯದರಲ್ಲಿ ಕೊಬ್ಬೇ ಮುಖ್ಯ ಆಹಾರ. ನಾಲ್ಕೂ ಒಟ್ಟಿಗೆ ಸರಿ ಇರಲು ಸಾಧ್ಯವಿಲ್ಲ. ಆದರೂ ನಾಲ್ಕರಲ್ಲಿ ಯಾವುದನ್ನು ಪಾಲಿಸಿದವರಲ್ಲೂ ಚೇತರಿಸಿಕೊಂಡವರಿದ್ದಾರೆ. ಹೀಗೇಕೆ ಆಗುತ್ತದೆ ಎಂದು ತಿಳಿದುಕೊಂಡರೆ ಆಯ್ಕೆ ಅರ್ಧ ಸುಲಭವಾಗುತ್ತದೆ.

ಎಂಎಸ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಮೆದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳ ಮೇಲಿನ ಮೈಲಿನ್ ಪೊರೆಯನ್ನು ಹಾಳುಮಾಡುತ್ತದೆ. ಈ ದಾಳಿಯನ್ನು ತಡೆಯುತ್ತವೆ ಎಂದು ದೊಡ್ಡ ಪ್ರಯೋಗಗಳಲ್ಲಿ ಸಾಬೀತಾಗಿರುವುದು ಔಷಧಗಳು ಮಾತ್ರ. ಯಾವ ಪಥ್ಯವೂ ಆ ಮಟ್ಟ ಮುಟ್ಟಿಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕೋಕ್ರೇನ್ ಸಂಸ್ಥೆಯ 2020ರ ಅವಲೋಕನ 30 ಪ್ರಯೋಗಗಳನ್ನು ಜೊತೆಗಿಟ್ಟು ನೋಡಿತು. ಆಹಾರ ಬದಲಿಸುವುದರಿಂದ ಮರುಕಳಿಕೆ ಅಥವಾ ಅಂಗವೈಕಲ್ಯ ಕಡಿಮೆಯಾಗುತ್ತದೆ ಎನ್ನಲು ಪುರಾವೆ ಸಾಲದು ಎಂಬ ತೀರ್ಮಾನಕ್ಕೆ ಬಂದಿತು. ಆದರೆ ದಣಿವು, ಮಲಬದ್ಧತೆ, ಮೂತ್ರದ ಅವಸರ, ತೂಕ, ಕೊಲೆಸ್ಟರಾಲ್, ಮೂಳೆಯ ಬಲ ಇವೆಲ್ಲ ಊಟದ ಮಾತು ಕೇಳುತ್ತವೆ. ಹಾಗಾಗಿ ಪಥ್ಯ ಆರಿಸುವಾಗ "ಇದು ರೋಗ ನಿಲ್ಲಿಸುತ್ತದೆಯೇ?" ಎಂಬ ಪ್ರಶ್ನೆಯನ್ನು ಬದಿಗಿಡಿ. ನಿಮ್ಮನ್ನು ಹೆಚ್ಚು ಕಾಡುವ ಲಕ್ಷಣಕ್ಕೆ ಇದು ನೆರವಾಗುತ್ತದೆಯೇ, ಇನ್ನೊಂದು ಲಕ್ಷಣವನ್ನು ಕೆಡಿಸುತ್ತದೆಯೇ, ಅಡುಗೆಮನೆಯಲ್ಲಿ ನಿಲ್ಲುವವರಿಗೆ ಇದು ವರ್ಷಗಟ್ಟಲೆ ಸಾಧ್ಯವೇ ಎಂದು ಕೇಳಿಕೊಳ್ಳಿ.

ಇನ್ನೊಂದು ಮಾತು ಮೊದಲೇ ಹೇಳಬೇಕು. ಮರುಕಳಿಸುವ ಬಗೆಯ ಎಂಎಸ್‌ನಲ್ಲಿ ಲಕ್ಷಣ ಜೋರಾಗಿ ಬಂದು ವಾರಗಳಲ್ಲಿ ತಾನಾಗಿಯೇ ಇಳಿಯುವುದು ರೋಗದ ಸ್ವಭಾವ. ಜನ ಪಥ್ಯ ಹಿಡಿಯುವುದು ಕಷ್ಟ ತುದಿ ಮುಟ್ಟಿದಾಗ. ಆಮೇಲೆ ಬರುವ ಚೇತರಿಕೆಯ ಹೆಸರು ಪಥ್ಯಕ್ಕೆ ಹೋಗುತ್ತದೆ. ಊಟದ ಪ್ರಯೋಗದಲ್ಲಿ ಯಾರು ಏನು ತಿನ್ನುತ್ತಿದ್ದಾರೆ ಎಂಬುದನ್ನು ಮುಚ್ಚಿಡಲೂ ಆಗುವುದಿಲ್ಲ. ಕೆಳಗಿನ ಎಲ್ಲ ಅಂಕಿಗಳನ್ನೂ ಇದನ್ನು ನೆನಪಿಟ್ಟುಕೊಂಡೇ ಓದಿ.

ಸ್ವಾಂಕ್ ಪಥ್ಯ: ಕೊಬ್ಬಿನ ಲೆಕ್ಕ

ನರರೋಗ ತಜ್ಞ ರಾಯ್ ಸ್ವಾಂಕ್ 1940ರ ದಶಕದ ಕೊನೆಯಲ್ಲಿ ಮಾಂಟ್ರಿಯಲ್‌ನಲ್ಲಿ ಇದನ್ನು ಆರಂಭಿಸಿದರು. ನಾರ್ವೆಯ ಕರಾವಳಿಯಲ್ಲಿ ಮೀನು ತಿನ್ನುವವರಿಗಿಂತ ಒಳನಾಡಿನಲ್ಲಿ ಹಾಲು, ಬೆಣ್ಣೆ, ಮಾಂಸ ತಿನ್ನುವವರಲ್ಲಿ ಎಂಎಸ್ ಹೆಚ್ಚು ಎಂಬುದು ಅವರ ಗಮನಕ್ಕೆ ಬಂದಿತ್ತು. ನಿಯಮ ಸರಳ: ದಿನಕ್ಕೆ ಸ್ಯಾಚುರೇಟೆಡ್ ಕೊಬ್ಬು 15 ಗ್ರಾಂ ಮೀರಬಾರದು, ಸಸ್ಯದ ಎಣ್ಣೆಗಳಿಂದ ಬರುವ ಅನ್‌ಸ್ಯಾಚುರೇಟೆಡ್ ಕೊಬ್ಬು 20ರಿಂದ 50 ಗ್ರಾಂ ಇರಬೇಕು, ಮೊದಲ ವರ್ಷ ಕೆಂಪು ಮಾಂಸ ಪೂರ್ತಿ ಬಿಡಬೇಕು. ಜೊತೆಗೆ ಒಂದು ಚಮಚ ಕಾಡ್ ಮೀನಿನ ಎಣ್ಣೆ ಮತ್ತು ಮಲ್ಟಿವಿಟಮಿನ್.

15 ಗ್ರಾಂ ಎಂದರೆ ಎಷ್ಟು ಎಂಬ ಅಂದಾಜು ಹೆಚ್ಚಿನವರಿಗೆ ಇರುವುದಿಲ್ಲ. ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿ ಸುಮಾರು 7 ಗ್ರಾಂ ಸ್ಯಾಚುರೇಟೆಡ್ ಕೊಬ್ಬಿದೆ. ಕೆನೆ ತೆಗೆಯದ ಹಾಲು ಒಂದು ಲೋಟಕ್ಕೆ ಸುಮಾರು 4.5 ಗ್ರಾಂ, 30 ಗ್ರಾಂ ಚೀಸ್‌ಗೆ 5ರಿಂದ 6, ಒಂದು ಮೊಟ್ಟೆಗೆ 1.5ರ ಆಸುಪಾಸು. ಒಂದು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲಿ 11 ಗ್ರಾಂಗೂ ಹೆಚ್ಚು, ಅಷ್ಟೇ ಆಲಿವ್ ಎಣ್ಣೆಯಲ್ಲಿ 2 ಗ್ರಾಂ. ಬೆಣ್ಣೆ ಮತ್ತು ಚೀಸ್ ಸೇರಿದ ಬೆಳಗಿನ ತಿಂಡಿಯೊಂದೇ ದಿನದ ಲೆಕ್ಕದ ಮುಕ್ಕಾಲು ಭಾಗ ಮುಗಿಸಬಲ್ಲದು. ಈ ಪಥ್ಯ ಹಿಡಿದವರು ಎಡವುವುದು ಎಣ್ಣೆಯ ಬಾಟಲಿಯಲ್ಲಲ್ಲ, ಬಿಸ್ಕತ್ತು, ಪೇಸ್ಟ್ರಿ, ಸಿದ್ಧ ಸಾಸ್‌ಗಳಲ್ಲಿ. ಪೊಟ್ಟಣದ ಹಿಂದಿನ ಪಟ್ಟಿಯಲ್ಲಿ ಒಟ್ಟು ಕೊಬ್ಬಿನ ಸಾಲನ್ನಲ್ಲ, ಸ್ಯಾಚುರೇಟೆಡ್ ಕೊಬ್ಬಿನ ಸಾಲನ್ನು ಓದಬೇಕು.

ಸ್ವಾಂಕ್ 144 ರೋಗಿಗಳನ್ನು 34 ವರ್ಷ ಹಿಂಬಾಲಿಸಿ 1990ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ಕೊಬ್ಬು ಕಡಿಮೆ ತಿಂದವರು ಹೆಚ್ಚು ಕಾಲ ಬದುಕಿದರು, ಕಡಿಮೆ ಕುಸಿದರು ಎಂದು ಅದು ಹೇಳುತ್ತದೆ. ಆದರೆ ಅಲ್ಲಿ ಚೀಟಿ ಎತ್ತಿದಂತೆ ಆರಿಸಿದ ಹೋಲಿಕೆಯ ಗುಂಪು ಇರಲಿಲ್ಲ. ಪಥ್ಯ ಬಿಟ್ಟವರು ಕುಸಿದರೋ, ಕುಸಿದವರು ಪಥ್ಯ ಬಿಟ್ಟರೋ ಎಂಬುದನ್ನು ಆ ವರದಿಯಿಂದ ಬಿಡಿಸಲು ಸಾಧ್ಯವಿಲ್ಲ.

ವಾಲ್ಸ್ ಪಥ್ಯ: ತರಕಾರಿಯ ರಾಶಿ

ಅಯೋವಾ ವಿಶ್ವವಿದ್ಯಾಲಯದ ವೈದ್ಯೆ ಟೆರಿ ವಾಲ್ಸ್ ಸ್ವತಃ ಎಂಎಸ್ ಇರುವವರು. ಅವರ ಪಥ್ಯದ ಹೃದಯ ದಿನಕ್ಕೆ 9 ಕಪ್ ತರಕಾರಿ ಮತ್ತು ಹಣ್ಣು: ಮೂರು ಕಪ್ ಹಸಿರು ಸೊಪ್ಪು, ಮೂರು ಕಪ್ ಗಂಧಕ ಹೆಚ್ಚಿರುವ ಕೋಸು, ಈರುಳ್ಳಿ, ಅಣಬೆಯ ಬಗೆ, ಮೂರು ಕಪ್ ಗಾಢ ಬಣ್ಣದವು. ಮಾಂಸ, ಮೀನು, ಯಕೃತ್ತಿನಂಥ ಅಂಗಾಂಗ ಮಾಂಸ ಇರುತ್ತವೆ. ಧಾನ್ಯ, ಕಾಳು, ಹಾಲು, ಮೊಟ್ಟೆ ಇಲ್ಲ.

ತರಕಾರಿ ಹೆಚ್ಚಿಸುವ ಅರ್ಧಕ್ಕೆ ನಮ್ಮ ಪೂರ್ಣ ಒಪ್ಪಿಗೆ. ಬಿಡುವ ಅರ್ಧದಲ್ಲಿ ಎಚ್ಚರ ಬೇಕು. ಹಾಲು ಬಿಟ್ಟರೆ ದಿನಕ್ಕೆ ಬೇಕಾದ 1000 ಮಿಲಿಗ್ರಾಂ ಕ್ಯಾಲ್ಸಿಯಂ (50 ದಾಟಿದ ಮಹಿಳೆಯರಿಗೆ 1200) ಎಲ್ಲಿಂದ ಬರುತ್ತದೆ ಎಂದು ಮೊದಲೇ ಲೆಕ್ಕ ಹಾಕಬೇಕು. ಪಾಲಕ್‌ನ ಕ್ಯಾಲ್ಸಿಯಂ ಆಕ್ಸಲೇಟ್‌ಗೆ ಅಂಟಿಕೊಂಡಿರುವುದರಿಂದ ದೇಹಕ್ಕೆ ಸಿಗುವುದು ಬಲು ಕಡಿಮೆ. ಸ್ಟೀರಾಯ್ಡ್ ಪಡೆದವರಿಗೆ, ನಡೆದಾಟ ಕಡಿಮೆ ಇರುವವರಿಗೆ ಮೂಳೆ ಮೊದಲೇ ಸೊರಗಿರುತ್ತದೆ. ಯಕೃತ್ತು ಮತ್ತು ಕಾಡ್ ಲಿವರ್ ಎಣ್ಣೆ ಎರಡನ್ನೂ ತೆಗೆದುಕೊಂಡರೆ ವಿಟಮಿನ್ ಎ ಮಿತಿ ಮೀರುತ್ತದೆ. ಗರ್ಭಿಣಿಯರಿಗೆ ಇದು ಅಪಾಯ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರು ದಿಢೀರನೆ ಮೂರು ಕಪ್ ಸೊಪ್ಪು ತಿನ್ನತೊಡಗಿದರೆ ಅದರಲ್ಲಿನ ವಿಟಮಿನ್ ಕೆ ಔಷಧದ ಕೆಲಸವನ್ನು ಕುಗ್ಗಿಸುತ್ತದೆ. ಸೊಪ್ಪು ತಿನ್ನಬಾರದು ಎಂದಲ್ಲ, ಪ್ರಮಾಣ ಬದಲಿಸುವ ಮುನ್ನ ವೈದ್ಯರಿಗೆ ತಿಳಿಸಿ ರಕ್ತಪರೀಕ್ಷೆ ಮಾಡಿಸಬೇಕು.

ಒಂಬತ್ತು ಕಪ್ ತರಕಾರಿ ತೊಳೆದು, ಹೆಚ್ಚಿ, ಬೇಯಿಸುವ ಶ್ರಮವೂ ಸಣ್ಣದಲ್ಲ. ಕೈ ಜೋಮು ಹಿಡಿಯುವವರಿಗೆ, ನಿಂತರೆ ಕಾಲು ಸೋಲುವವರಿಗೆ ಅಡುಗೆಯೇ ದಿನದ ಶಕ್ತಿಯನ್ನು ನುಂಗಿಬಿಡುತ್ತದೆ. ಹೆಪ್ಪುಗಟ್ಟಿಸಿದ ಹೆಚ್ಚಿದ ತರಕಾರಿ ಬಳಸುವುದರಲ್ಲಿ ಯಾವ ತಪ್ಪೂ ಇಲ್ಲ, ಪೋಷಕಾಂಶ ಹೆಚ್ಚುಕಡಿಮೆ ತಾಜಾ ತರಕಾರಿಯಷ್ಟೇ ಇರುತ್ತದೆ.

ಎರಡನ್ನೂ ಎದುರುಬದುರು ಇಟ್ಟಾಗ

ಈ ಎರಡರ ನೇರ ಹೋಲಿಕೆಯ ಪ್ರಯೋಗವೊಂದು ಅಯೋವಾದಲ್ಲೇ ನಡೆದು 2021ರಲ್ಲಿ ಪ್ರಕಟವಾಯಿತು. ಮರುಕಳಿಸುವ ಬಗೆಯ ಎಂಎಸ್ ಮತ್ತು ದಣಿವು ಇದ್ದ 87 ಮಂದಿಯನ್ನು ಎರಡು ಗುಂಪು ಮಾಡಿ 24 ವಾರ ನೋಡಲಾಯಿತು. ಎರಡೂ ಗುಂಪುಗಳಲ್ಲಿ ದಣಿವು ಇಳಿಯಿತು, ಬದುಕಿನ ಗುಣಮಟ್ಟ ಏರಿತು. ಕೆಲವು ಅಳತೆಗಳಲ್ಲಿ ವಾಲ್ಸ್ ಗುಂಪು ಸ್ವಲ್ಪ ಮುಂದಿತ್ತು. ಎಂದಿನ ಊಟವನ್ನೇ ಮುಂದುವರಿಸಿದ ಮೂರನೇ ಗುಂಪು ಇರಲಿಲ್ಲ.

ಒಂದು ಧಾನ್ಯ ಉಳಿಸಿಕೊಂಡು ಕೊಬ್ಬು ಕಳೆಯುತ್ತದೆ, ಇನ್ನೊಂದು ಧಾನ್ಯ ಕಳೆದು ಮಾಂಸ ಉಳಿಸಿಕೊಳ್ಳುತ್ತದೆ, ಆದರೂ ಎರಡರಲ್ಲೂ ದಣಿವು ಇಳಿಯಿತು. ಎರಡಕ್ಕೂ ಸಮಾನವಾದದ್ದು ಏನು? ಸಂಸ್ಕರಿತ ತಿಂಡಿ, ಸಕ್ಕರೆ ಪಾನೀಯ, ಕರಿದ ಪದಾರ್ಥ ಎರಡರಲ್ಲೂ ಇಲ್ಲ. ತರಕಾರಿ, ಹಣ್ಣು ಎರಡರಲ್ಲೂ ಇವೆ. ಊಟ ಮನೆಯಲ್ಲೇ, ಯೋಚಿಸಿ ಮಾಡಿದ್ದು. ಡಯಟೀಷಿಯನ್ ಬೆನ್ನಿಗಿದ್ದರು. ಲಾಭದ ದೊಡ್ಡ ಪಾಲು ಈ ಸಮಾನ ಭಾಗದಿಂದಲೇ ಬರುತ್ತಿದೆ ಎಂಬುದು ನಮ್ಮ ಅಭಿಪ್ರಾಯ. ಇದು ಸರಿಯಾದರೆ ಕಠಿಣ ನಿಷೇಧಗಳಿಂದ ಸಿಗುವ ಹೆಚ್ಚುವರಿ ಲಾಭ ಚಿಕ್ಕದು, ತೆರಬೇಕಾದ ಬೆಲೆ ದೊಡ್ಡದು.

ಮೆಡಿಟರೇನಿಯನ್ ಕ್ರಮ: ಹೆಚ್ಚಿನವರಿಗೆ ನಮ್ಮ ಮೊದಲ ಸಲಹೆ

ದಿನಕ್ಕೆ ಎರಡು-ಮೂರು ದೊಡ್ಡ ಚಮಚ ಆಲಿವ್ ಎಣ್ಣೆ, ಪ್ರತಿ ಊಟದಲ್ಲೂ ತಟ್ಟೆಯ ಅರ್ಧದಷ್ಟು ತರಕಾರಿ, ಇಡಿಧಾನ್ಯ, ವಾರಕ್ಕೆ ಮೂರು ಸಲವಾದರೂ ಕಾಳು, ಎರಡು-ಮೂರು ಸಲ ಮೀನು, ದಿನಕ್ಕೊಂದು ಹಿಡಿ (ಸುಮಾರು 30 ಗ್ರಾಂ) ಬಾದಾಮಿ ಅಥವಾ ವಾಲ್‌ನಟ್. ಕೆಂಪು ಮಾಂಸ ಮತ್ತು ಸಿಹಿ ಅಪರೂಪ. ಎಂಎಸ್ ಇರುವ 36 ಮಹಿಳೆಯರ ಆರು ತಿಂಗಳ ಪ್ರಯೋಗವೊಂದರಲ್ಲಿ (2019) ಇದರ ಮಾರ್ಪಡಿಸಿದ ರೂಪ ಅನುಸರಿಸಿದವರಲ್ಲಿ ದಣಿವು ಇಳಿಯುವತ್ತ ಸಾಗಿತು. ಪ್ರಯೋಗ ಚಿಕ್ಕದು. ಹಾಗಿದ್ದೂ ಇದನ್ನೇ ಮುಂದಿಡುವುದಕ್ಕೆ ಬೇರೆ ಕಾರಣವಿದೆ. ಹೃದಯ ಮತ್ತು ರಕ್ತನಾಳಕ್ಕೆ ಈ ಕ್ರಮ ಒಳ್ಳೆಯದು ಎಂಬ ಪುರಾವೆ ಗಟ್ಟಿಯಾಗಿದೆ. ಎಂಎಸ್ ಜೊತೆಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು ಇರುವವರಲ್ಲಿ ಅಂಗವೈಕಲ್ಯ ಬೇಗ ಹೆಚ್ಚುತ್ತದೆ. ಅಲ್ಲದೆ ಇದರಲ್ಲಿ ಯಾವ ಆಹಾರವರ್ಗವೂ ಪೂರ್ತಿ ಬಿಟ್ಟುಹೋಗುವುದಿಲ್ಲ, ನಾರಿನಂಶ ತಾನಾಗಿಯೇ 25 ಗ್ರಾಂ ದಾಟುತ್ತದೆ, ಮನೆಯವರೆಲ್ಲ ಒಂದೇ ಅಡುಗೆ ಉಣ್ಣಬಹುದು. ಮೀನು ತಿನ್ನದವರು ಅಗಸೆಬೀಜವನ್ನು ಪುಡಿಮಾಡಿ ದಿನಕ್ಕೆ ಒಂದು ದೊಡ್ಡ ಚಮಚ ಬಳಸಬಹುದು. ಇಡಿ ಬೀಜ ಜೀರ್ಣವಾಗದೆ ಹಾಗೇ ಹೊರಬೀಳುತ್ತದೆ.

ಇಲ್ಲಿ ತಪ್ಪುವುದು ಪ್ರಮಾಣ. ಎಣ್ಣೆ ಮತ್ತು ಬೀಜಗಳು ಒಳ್ಳೆಯವೆಂದು ಅಳತೆಯಿಲ್ಲದೆ ಸುರಿದರೆ ತೂಕ ಏರುತ್ತದೆ. ದೊಡ್ಡ ಚಮಚ ಎಣ್ಣೆಗೆ ಸುಮಾರು 120 ಕ್ಯಾಲರಿ.

ಉಳಿದವು

ಸಂಪೂರ್ಣ ಸಸ್ಯಾಹಾರದ, ಕೊಬ್ಬು ಬಹಳ ಕಡಿಮೆ ಇರುವ ಮೆಕ್‌ಡೂಗಲ್ ಪಥ್ಯವನ್ನು 61 ಮಂದಿಯ ಮೇಲೆ ಒಂದು ವರ್ಷ ನೋಡಿದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಎಂಆರ್‌ಐ, ಮರುಕಳಿಕೆ, ಅಂಗವೈಕಲ್ಯ ಯಾವುದರಲ್ಲೂ ವ್ಯತ್ಯಾಸ ಕಾಣಲಿಲ್ಲ. ತೂಕ ಮತ್ತು ಕೊಲೆಸ್ಟರಾಲ್ ಇಳಿದವು, ದಣಿವೂ ಸ್ವಲ್ಪ ಇಳಿಯಿತು. ತೂಕ ಇಳಿಸಬೇಕಾದವರಿಗೆ ಇದು ಹೊಂದಬಹುದು, ತೆಳ್ಳಗಿರುವವರಿಗೆ ಬೇಡ. ಪ್ರಾಣಿಜನ್ಯ ಆಹಾರ ಪೂರ್ತಿ ಬಿಟ್ಟವರು ವಿಟಮಿನ್ ಬಿ12 ಮಾತ್ರೆ ತಪ್ಪಿಸಲೇಬಾರದು. ಬಿ12 ಕೊರತೆಯೇ ಬೆನ್ನುಹುರಿಯನ್ನು ಕೆಡಿಸಿ ಜೋಮು, ತೂರಾಟ, ನೆನಪಿನ ತೊಂದರೆ ತರುತ್ತದೆ. ಎಂಎಸ್ ಇರುವವರಲ್ಲಿ ಅದನ್ನು ರೋಗದ್ದೇ ಲಕ್ಷಣ ಎಂದು ತಿಳಿದು ಬಿಟ್ಟುಬಿಡುವ ಅಪಾಯ ದೊಡ್ಡದು.

ಆಸ್ಟ್ರೇಲಿಯದ ವೈದ್ಯ ಜಾರ್ಜ್ ಜೆಲಿನೆಕ್ ರೂಪಿಸಿದ ಕ್ರಮದಲ್ಲಿ ಸಸ್ಯಾಹಾರದ ಜೊತೆ ಮೀನು, ದಿನಕ್ಕೆ 20ರಿಂದ 40 ಮಿಲಿಲೀಟರ್ ಅಗಸೆ ಎಣ್ಣೆ, ವ್ಯಾಯಾಮ, ಧ್ಯಾನ ಸೇರಿವೆ. ಎಲ್ಲ ಒಟ್ಟಿಗೆ ಇರುವುದರಿಂದ ಊಟದ ಪಾಲು ಎಷ್ಟು ಎಂದು ಬೇರ್ಪಡಿಸಲಾಗದು. ಅಗಸೆ ಎಣ್ಣೆ ಬಿಸಿ ಮಾಡಿದರೆ ಕೆಡುತ್ತದೆ. ಅದನ್ನು ಫ್ರಿಜ್‌ನಲ್ಲಿಟ್ಟು, ಬೆಂದ ಅಡುಗೆಯ ಮೇಲೆ ಹಾಕಿಕೊಳ್ಳಬೇಕು.

ಕೊಬ್ಬೇ ಮುಖ್ಯ ಆಹಾರವಾದ ಕೀಟೋ ಕ್ರಮದಲ್ಲಿ ಕಾರ್ಬೊಹೈಡ್ರೇಟ್ ದಿನಕ್ಕೆ 20ರಿಂದ 50 ಗ್ರಾಂಗೆ ಇಳಿಯುತ್ತದೆ. 65 ಮಂದಿಯ ಆರು ತಿಂಗಳ ಅಧ್ಯಯನದಲ್ಲಿ (2022) ದಣಿವು ಮತ್ತು ಖಿನ್ನತೆ ಇಳಿದವು, ಆದರೆ ಹೋಲಿಕೆಯ ಗುಂಪು ಇರಲಿಲ್ಲ. ಮೊದಲ ಎರಡು ವಾರ ತಲೆನೋವು, ಸುಸ್ತು ಸಾಮಾನ್ಯ. ಮಲಬದ್ಧತೆ ಹೆಚ್ಚುತ್ತದೆ, ಮೂತ್ರಪಿಂಡದ ಕಲ್ಲು, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ಏರಿಕೆ ಕಾಣಿಸಬಹುದು. ಮಧುಮೇಹದ ಔಷಧ ತೆಗೆದುಕೊಳ್ಳುವವರು ವೈದ್ಯರಿಲ್ಲದೆ ಇದನ್ನು ಮುಟ್ಟಬಾರದು: ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಕುಸಿಯಬಹುದು, ಕೆಲವು ಮಾತ್ರೆಗಳ ಜೊತೆ ಕೀಟೋಆಸಿಡೋಸಿಸ್ (ರಕ್ತ ಅಪಾಯಕಾರಿಯಾಗಿ ಆಮ್ಲೀಯವಾಗುವುದು) ಬರಬಹುದು. ಮಲಬದ್ಧತೆ ಇರುವ ಎಂಎಸ್ ರೋಗಿಗೆ ಇದನ್ನು ನಾವು ಸೂಚಿಸುವುದಿಲ್ಲ.

ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲೂಟನ್ ಪ್ರೋಟೀನ್ ಬಿಡುವುದಕ್ಕೆ, ಅದರಿಂದ ಕರುಳು ಹಾಳಾಗುವ ಸೀಲಿಯಕ್ ಕಾಯಿಲೆ ಇಲ್ಲದವರಲ್ಲಿ ಒಳ್ಳೆಯ ಪುರಾವೆ ಇಲ್ಲ. ಅನುಮಾನವಿದ್ದರೆ ಬಿಡುವ ಮುನ್ನ ರಕ್ತಪರೀಕ್ಷೆ ಮಾಡಿಸಿ, ಬಿಟ್ಟ ಮೇಲೆ ಪರೀಕ್ಷೆ ಸರಿಯಾಗಿ ತೋರಿಸುವುದಿಲ್ಲ. ಉಪವಾಸದ ಕ್ರಮಗಳ ಅಧ್ಯಯನಗಳು ಇನ್ನೂ ಚಿಕ್ಕವು. ಔಷಧವನ್ನು ಊಟದ ಜೊತೆ ತೆಗೆದುಕೊಳ್ಳಬೇಕಾದವರಿಗೆ ಅವು ತೊಡಕು.

ಮಾತ್ರೆಗಳು

ವಿಟಮಿನ್ ಡಿ ಕಡಿಮೆ ಇರುವವರಲ್ಲಿ ಎಂಎಸ್ ಹೆಚ್ಚು ಎಂಬುದು ನಿಜ. ಮಾತ್ರೆ ಕೊಟ್ಟರೆ ಏನಾಗುತ್ತದೆ ಎಂಬ ಉತ್ತರ ಮಾತ್ರ ಎರಡಾಗಿ ಸೀಳಿದೆ. 2023ರ ಅಮೆರಿಕದ ಪ್ರಯೋಗದಲ್ಲಿ ಗ್ಲಾಟಿರಾಮರ್ ಎಂಬ ಎಂಎಸ್ ಔಷಧ ಪಡೆಯುತ್ತಿದ್ದವರಿಗೆ ದಿನಕ್ಕೆ 5000 ಯೂನಿಟ್ ಕೊಟ್ಟದ್ದು 600 ಯೂನಿಟ್‌ಗಿಂತ ಹೆಚ್ಚಿನ ಪ್ರಯೋಜನ ತೋರಲಿಲ್ಲ. 2025ರ ಫ್ರಾನ್ಸ್‌ನ ಪ್ರಯೋಗದಲ್ಲಿ, ಬೇರೆ ಔಷಧ ಶುರುವಾಗದ ಆರಂಭಿಕ ಹಂತದವರಿಗೆ ಎರಡು ವಾರಕ್ಕೊಮ್ಮೆ 1,00,000 ಯೂನಿಟ್ ಕೊಟ್ಟಾಗ ಎರಡು ವರ್ಷಗಳಲ್ಲಿ ರೋಗದ ಚಟುವಟಿಕೆ ಕಂಡವರು 60.3%, ಔಷಧವಿಲ್ಲದ ಪ್ಲಾಸಿಬೊ ಪಡೆದವರಲ್ಲಿ 74.1%. ವ್ಯತ್ಯಾಸ ಕಂಡದ್ದು ಮುಖ್ಯವಾಗಿ ಎಂಆರ್‌ಐಯಲ್ಲಿ. ರಕ್ತದ ಮಟ್ಟ ಅಳೆಸಿ, ಕೊರತೆ ತುಂಬಿಸಿಕೊಳ್ಳಿ. ಸ್ವಂತ ನಿರ್ಧಾರದಿಂದ ದಿನಕ್ಕೆ 4000 ಯೂನಿಟ್ ದಾಟಬೇಡಿ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ನಿಶ್ಶಕ್ತಿ, ಗೊಂದಲ, ಮಲಬದ್ಧತೆ, ಪದೇಪದೇ ಮೂತ್ರ ಬರುತ್ತವೆ. ಇವೆಲ್ಲ ಎಂಎಸ್ ಹೆಚ್ಚಾದಂತೆಯೇ ಕಾಣುತ್ತವೆ, ಆಗ ಜನ ಡೋಸ್ ಇನ್ನಷ್ಟು ಏರಿಸುತ್ತಾರೆ.

ಮೀನಿನ ಎಣ್ಣೆಯ ಮಾತ್ರೆ 2012ರ ನಾರ್ವೆಯ ಪ್ರಯೋಗದಲ್ಲಿ ಎಂಆರ್‌ಐಯಲ್ಲಿ ಯಾವ ಬದಲಾವಣೆಯನ್ನೂ ತರಲಿಲ್ಲ. ಮೀನು ತಿನ್ನಿ, ಮಾತ್ರೆಗೆ ಹಣ ಸುರಿಯಬೇಡಿ. ದಿನಕ್ಕೆ 300 ಮಿಲಿಗ್ರಾಂ ಬಯೋಟಿನ್ (ಬಿ ಗುಂಪಿನ ಒಂದು ವಿಟಮಿನ್) 2020ರ ದೊಡ್ಡ ಪ್ರಯೋಗದಲ್ಲಿ ಸೋತಿತು. ಜೊತೆಗೆ ಥೈರಾಯ್ಡ್ ಮತ್ತು ಹೃದಯದ ಟ್ರೊಪೊನಿನ್ ಪರೀಕ್ಷೆಗಳ ಫಲಿತಾಂಶವನ್ನೂ ಅದು ತಪ್ಪಿಸುತ್ತದೆ.

ಲಕ್ಷಣ ನೋಡಿ ಊಟ: ಕರುಳು ಮತ್ತು ಮೂತ್ರಕೋಶದ ಜಗಳ

ಎಂಎಸ್‌ನಲ್ಲಿ ಊಟದಿಂದ ಖಚಿತವಾಗಿ ಸುಧಾರಿಸಬಹುದಾದದ್ದು ಇಲ್ಲೇ ಹೆಚ್ಚು, ತಪ್ಪುವುದೂ ಇಲ್ಲೇ ಹೆಚ್ಚು. ಮೂತ್ರದ ಅವಸರಕ್ಕೆ ಹೆದರಿ ಜನ ನೀರು ಕಡಿಮೆ ಮಾಡುತ್ತಾರೆ. ಮೂತ್ರ ಗಾಢವಾಗಿ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ, ಸೋಂಕು ಹತ್ತುತ್ತದೆ. ಅದೇ ಹೊತ್ತಿಗೆ ಮಲ ಗಟ್ಟಿಯಾಗುತ್ತದೆ. ತುಂಬಿದ ಗುದನಾಳ ಮೂತ್ರಕೋಶವನ್ನು ಒತ್ತಿ ಅವಸರ ಹೆಚ್ಚಿಸುತ್ತದೆ, ಕಾಲಿನ ಸೆಡೆತವನ್ನೂ ಹೆಚ್ಚಿಸುತ್ತದೆ. ಅವಸರಕ್ಕೆ ಕೊಡುವ ಆಕ್ಸಿಬ್ಯುಟಿನಿನ್‌ನಂಥ ಮಾತ್ರೆ ಬಾಯಿ ಒಣಗಿಸಿ ಮಲಬದ್ಧತೆ ಹೆಚ್ಚಿಸುತ್ತದೆ. ಆದ್ದರಿಂದ ಕರುಳಿನಿಂದ ಶುರುಮಾಡಿ.

ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ದ್ರವ, ಒಮ್ಮೆಗೆ ಒಂದು ಲೋಟದಂತೆ ಹಗಲಿಡೀ ಹಂಚಿ ಕುಡಿಯಿರಿ, ಮಲಗುವ ಎರಡು ಗಂಟೆ ಮುಂಚೆ ನಿಲ್ಲಿಸಿ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೆ ದ್ರವದ ಮಿತಿ ಹೇಳಿದ್ದರೆ ಅದೇ ಅಂತಿಮ. ನಾರಿನಂಶವನ್ನು ವಾರಕ್ಕೆ 5 ಗ್ರಾಂನಂತೆ ಏರಿಸಿ 25ರಿಂದ 30 ಗ್ರಾಂಗೆ ತನ್ನಿ. ಬೆಂದ ಕಾಳು ಒಂದು ಕಪ್‌ಗೆ ಸುಮಾರು 15 ಗ್ರಾಂ, ಸಿಪ್ಪೆ ಸಹಿತ ಸೇಬು ಒಂದಕ್ಕೆ 4 ಗ್ರಾಂ. ಒಮ್ಮೆಲೇ ಏರಿಸಿದರೆ ಹೊಟ್ಟೆ ಉಬ್ಬರಿಸುತ್ತದೆ, ಆಗ ಜನ ನಾರನ್ನೇ ಬಿಟ್ಟುಬಿಡುತ್ತಾರೆ. ಇಸಬ್‌ಗೋಲ್ ತೆಗೆದುಕೊಂಡರೆ ಒಂದು ಚಮಚಕ್ಕೆ ಒಂದು ದೊಡ್ಡ ಲೋಟ ನೀರು ಬೇಕೇ ಬೇಕು, ಕಲಸಿದ ಕೂಡಲೇ ಕುಡಿಯಬೇಕು. ನುಂಗುವ ತೊಂದರೆ ಇರುವವರು ಅದನ್ನು ಬಳಸಬಾರದು, ಗಂಟಲಲ್ಲೇ ಊದಿಕೊಂಡು ಸಿಕ್ಕಿಕೊಳ್ಳುತ್ತದೆ. ಬೆಳಗಿನ ತಿಂಡಿ ಹೊಟ್ಟೆಗೆ ಬಿದ್ದಾಗ ದೊಡ್ಡಕರುಳು ತಾನಾಗಿ ಚಲಿಸುತ್ತದೆ. ತಿಂಡಿಯಾದ ಅರ್ಧ ಗಂಟೆಯೊಳಗೆ, ಪಾದದಡಿ ಚಿಕ್ಕ ಮಣೆ ಇಟ್ಟುಕೊಂಡು, ಮೊಣಕಾಲು ಸೊಂಟಕ್ಕಿಂತ ಮೇಲಿರುವಂತೆ ಹತ್ತು ನಿಮಿಷ ಕುಳಿತುಕೊಳ್ಳಿ. ನಾಲ್ಕು ವಾರ ಇಷ್ಟು ಮಾಡಿಯೂ ಮಲ ಸರಾಗವಾಗದಿದ್ದರೆ ಇನ್ನಷ್ಟು ನಾರು ತುರುಕಬೇಡಿ. ಕರುಳಿನ ಚಲನೆಯೇ ನಿಧಾನವಿದ್ದಾಗ ನಾರು ಒಳಗೇ ರಾಶಿಯಾಗುತ್ತದೆ. ಅಲ್ಲಿಂದ ಮುಂದೆ ವೈದ್ಯರು ಕೊಡುವ ವಿರೇಚಕವೇ ಸರಿ.

ಮೂತ್ರಕೋಶಕ್ಕೆ ಮೊದಲು ಕೆಫೀನ್ ನೋಡಿ. ಒಂದು ಕಪ್ ಕಾಫಿಯಲ್ಲಿ ಸುಮಾರು 95 ಮಿಲಿಗ್ರಾಂ, ಚಹಾದಲ್ಲಿ ಅದರ ಅರ್ಧದಷ್ಟು. ಒಂದೇ ದಿನ ನಿಲ್ಲಿಸಿದರೆ ತಲೆನೋವು, ದಣಿವು ಕಾಡುತ್ತವೆ. ಮೂರು-ನಾಲ್ಕು ದಿನಕ್ಕೆ ಕಾಲು ಭಾಗದಂತೆ ಇಳಿಸಿ. ಆಮೇಲೆ ಗ್ಯಾಸ್ ತುಂಬಿದ ಪಾನೀಯ, ಕೃತಕ ಸಿಹಿ, ಮದ್ಯ, ಒಂದೊಂದಾಗಿ, ಒಂದೊಂದಕ್ಕೂ ಒಂದು ವಾರ ಕೊಟ್ಟು. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಯಾವುದು ಕಾರಣ ಎಂದು ಗೊತ್ತಾಗದೆ ಎಲ್ಲವನ್ನೂ ಜೀವಮಾನವಿಡೀ ಬಿಡಬೇಕಾಗುತ್ತದೆ.

ದಣಿವು, ಸೆಕೆ, ನಡುಕ

ದಣಿವಿಗೆ ಪಥ್ಯ ಹುಡುಕುವ ಮುನ್ನ ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ), ಬಿ12, ಥೈರಾಯ್ಡ್ ಪರೀಕ್ಷೆ ಮಾಡಿಸಿ, ನಿದ್ದೆ ಮತ್ತು ಖಿನ್ನತೆಯ ಬಗ್ಗೆ ವೈದ್ಯರೊಂದಿಗೆ ಮಾತನಾಡಿ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವವರ ದಣಿವನ್ನು ಯಾವ ಪಥ್ಯವೂ ಇಳಿಸದು. ಊಟದಲ್ಲಿ ನೆರವಾಗುವುದು ಇಷ್ಟು: ಮಧ್ಯಾಹ್ನದ ದೊಡ್ಡ ಊಟವನ್ನು ಎರಡು ಭಾಗ ಮಾಡುವುದು, ಪ್ರತಿ ಊಟದಲ್ಲೂ 20 ಗ್ರಾಂ ಆಸುಪಾಸು ಪ್ರೋಟೀನ್ ಇಡುವುದು, ಬರಿ ಪಿಷ್ಟದ ಊಟ ತಪ್ಪಿಸುವುದು. ಅಡುಗೆಯನ್ನು ಮೈಯಲ್ಲಿ ಶಕ್ತಿ ಇರುವ ಬೆಳಗಿನ ಹೊತ್ತಿಗೆ ಸರಿಸಿ, ಕುಳಿತೇ ಹೆಚ್ಚಿ, ಎರಡರಷ್ಟು ಮಾಡಿ ಅರ್ಧ ಹೆಪ್ಪುಗಟ್ಟಿಸಿಡಿ.

ಮೈ ಬಿಸಿಯಾದರೆ ಹಳೆಯ ಲಕ್ಷಣಗಳು ತಾತ್ಕಾಲಿಕವಾಗಿ ಹೆಚ್ಚುತ್ತವೆ. ಜರ್ಮನಿಯ ವಿಲ್ಹೆಲ್ಮ್ ಊಥಾಫ್ 1890ರಲ್ಲಿ ಇದನ್ನು ಮೊದಲು ವಿವರಿಸಿದರು. ವ್ಯಾಯಾಮಕ್ಕೆ ಮುಂಚೆ ಮತ್ತು ನಡುವೆ ತಣ್ಣೀರು ಗುಟುಕರಿಸುವುದರಿಂದ ಹೆಚ್ಚು ಹೊತ್ತು ತಾಳಿಕೊಳ್ಳಬಹುದು. ಬೇಸಿಗೆಯಲ್ಲಿ ಒಲೆಯ ಮುಂದೆ ನಿಲ್ಲುವ ಕೆಲಸ ಕಡಿಮೆ ಮಾಡಿ.

ಕೈ ನಡುಗುವವರಿಗೆ ದಪ್ಪ ಹಿಡಿಯ ಭಾರದ ಚಮಚ, ಅಂಚು ಎತ್ತರವಿರುವ ತಟ್ಟೆ, ಕೆಳಗೆ ಜಾರದ ರಬ್ಬರ್ ಹಾಸು, ಮುಚ್ಚಳದ ಲೋಟ. ಲೋಟವನ್ನು ಅರ್ಧವೇ ತುಂಬಿ.

ನುಂಗುವಾಗ ಕೆಮ್ಮು ಬಂದರೆ

ನೀರು ಕುಡಿಯುವಾಗ ಕೆಮ್ಮು, ಊಟದ ನಂತರ ಧ್ವನಿ ಒದ್ದೆಯಾದಂತೆ ಗೊರಗುಟ್ಟುವುದು, ಪದೇಪದೇ ಎದೆಯ ಸೋಂಕು, ಊಟಕ್ಕೆ ಹಿಡಿಯುವ ಸಮಯ ಹೆಚ್ಚುವುದು: ಇವಿದ್ದರೆ ಉಳಿದ ಎಲ್ಲ ಪಥ್ಯವನ್ನೂ ಬದಿಗಿಟ್ಟು ನುಂಗುವಿಕೆಯ ತಪಾಸಣೆ ಮಾಡುವ ವಾಕ್ ಚಿಕಿತ್ಸಕರನ್ನು ಕಾಣಿ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಆಹಾರ ಮತ್ತು ಪಾನೀಯಕ್ಕೆ 0ರಿಂದ 7ರವರೆಗೆ ಮಟ್ಟಗಳಿವೆ, ನಿಮಗೆ ಯಾವುದು ಎಂದು ಅವರು ಹೇಳುತ್ತಾರೆ. ಪಾನೀಯದ ಗಾಢತೆಯನ್ನು ಮನೆಯಲ್ಲೇ ನೋಡಬಹುದು: ಆ ಪರೀಕ್ಷೆಗೆ ಸೂಚಿಸಿದ ಅಳತೆಯ ಸಿರಿಂಜ್‌ಗೆ 10 ಮಿಲಿಲೀಟರ್ ತುಂಬಿ, 10 ಸೆಕೆಂಡ್ ಸುರಿಯಲು ಬಿಡಿ. ಒಂದಕ್ಕಿಂತ ಕಡಿಮೆ ಉಳಿದರೆ ಮಟ್ಟ 0, 1ರಿಂದ 4 ಉಳಿದರೆ ಮಟ್ಟ 1, 4ರಿಂದ 8 ಉಳಿದರೆ ಮಟ್ಟ 2, ಅದಕ್ಕೂ ಹೆಚ್ಚು ಉಳಿದು ಇನ್ನೂ ಸೋರುತ್ತಿದ್ದರೆ ಮಟ್ಟ 3. ಪಿಷ್ಟದ ದಪ್ಪಕಾರಿ ಹೊತ್ತು ಹೋದಂತೆ ಇನ್ನಷ್ಟು ಗಟ್ಟಿಯಾಗುತ್ತದೆ, ಬಾಯಲ್ಲಿ ಎಂಜಲು ತಾಗಿ ತೆಳುವಾಗುತ್ತದೆ. ಜಾಂಥನ್ ಗೋಂದಿನದು ಹಾಗೆ ಬದಲಾಗುವುದಿಲ್ಲ. ನೆಟ್ಟಗೆ ಕುಳಿತೇ ಉಣ್ಣಿ, ಉಂಡ ಮೇಲೆ ಅರ್ಧ ಗಂಟೆ ಮಲಗಬೇಡಿ, ದಣಿವು ಏರುವ ಸಂಜೆಗಿಂತ ಹಗಲಿನಲ್ಲೇ ಹೆಚ್ಚು ಉಣ್ಣಿ. ಹಸಿ ಸೊಪ್ಪು, ಇಡಿ ಬೀಜ, ಪುಡಿಪುಡಿಯಾಗುವ ಬಿಸ್ಕತ್ತು, ತೆಳುಸಾರಿನಲ್ಲಿ ತುಂಡುಗಳಿರುವ ಪದಾರ್ಥ ಇವರಿಗೆ ಹೆಚ್ಚು ಅಪಾಯ. ವಾಲ್ಸ್ ಪಥ್ಯದ ಸೊಪ್ಪನ್ನಾಗಲಿ ಮೆಡಿಟರೇನಿಯನ್ ಕ್ರಮದ ಬೀಜಗಳನ್ನಾಗಲಿ ಬೇಯಿಸಿ, ರುಬ್ಬಿ, ಚಿಕಿತ್ಸಕರು ಹೇಳಿದ ಹದಕ್ಕೆ ತಂದೇ ಕೊಡಬೇಕು.

ಔಷಧಕ್ಕೂ ಊಟಕ್ಕೂ ಹೊಂದಾಣಿಕೆ

ಎಂಎಸ್ ಔಷಧವಾದ ಡೈಮೀಥೈಲ್ ಫ್ಯೂಮರೇಟ್‌ನಿಂದ ಹೊಟ್ಟೆನೋವು, ಮುಖ ಕೆಂಪಾಗುವುದು ಇದ್ದರೆ ಅದನ್ನು ಪ್ರೋಟೀನ್ ಮತ್ತು ಕೊಬ್ಬು ಇರುವ ಊಟದ ನಡುವೆ ತೆಗೆದುಕೊಳ್ಳಿ. ಕೊಬ್ಬು ತೀರ ಕಡಿಮೆಯ ಪಥ್ಯದಲ್ಲಿ ಇದು ಕಷ್ಟ. ಅದರ ಸಂಬಂಧಿ ಡೈರಾಕ್ಸಿಮೆಲ್ ಫ್ಯೂಮರೇಟ್‌ಗೆ ನಿಯಮ ತಿರುಗುಮುರುಗು: ಜೊತೆಗಿನ ಊಟ 700 ಕ್ಯಾಲರಿ ಮತ್ತು 30 ಗ್ರಾಂ ಕೊಬ್ಬು ಮೀರಬಾರದು, ಜೊತೆಯಲ್ಲಿ ಮದ್ಯ ಬೇಡ. ಒಜಾನಿಮೋಡ್ ಎಂಬ ಎಂಎಸ್ ಔಷಧ ತೆಗೆದುಕೊಳ್ಳುವವರು ಬಹುಕಾಲ ಹಳೆಯದಾಗಿಸಿದ ಚೀಸ್‌ನಂಥ, ಟೈರಮಿನ್ ಎಂಬ ರಾಸಾಯನಿಕ ಅತಿ ಹೆಚ್ಚಿರುವ ಪದಾರ್ಥ ಬಿಡಬೇಕು, ರಕ್ತದೊತ್ತಡ ಏರಬಹುದು. ಇನ್ನೊಂದು ಎಂಎಸ್ ಔಷಧ ಅಲೆಮ್ಟುಜುಮಾಬ್‌ನ ಚಿಕಿತ್ಸೆಯಲ್ಲಿ, ಆಹಾರದಿಂದ ಹರಡುವ ಲಿಸ್ಟೀರಿಯಾ ಸೋಂಕಿನ ಅಪಾಯವಿರುವುದರಿಂದ ಪಾಶ್ಚರೀಕರಿಸದ ಹಾಲು, ಮೆದು ಚೀಸ್, ಅರೆಬೆಂದ ಮಾಂಸ ಬೇಡ. ಸ್ನಾಯುವಿನ ಸೆಡೆತ ತಗ್ಗಿಸುವ ಟಿಜಾನಿಡಿನ್ ಮಾತ್ರೆಯನ್ನು ದಿನವೂ ಒಂದೇ ರೀತಿ, ಊಟದ ಜೊತೆಗಾದರೆ ಯಾವಾಗಲೂ ಊಟದ ಜೊತೆಗೆ, ಖಾಲಿ ಹೊಟ್ಟೆಗಾದರೆ ಯಾವಾಗಲೂ ಖಾಲಿ ಹೊಟ್ಟೆಗೆ ತೆಗೆದುಕೊಳ್ಳಿ. ಸ್ಟೀರಾಯ್ಡ್ ಪಡೆಯುವ ದಿನಗಳಲ್ಲಿ ಸಕ್ಕರೆ ಮತ್ತು ಉಪ್ಪು ತಗ್ಗಿಸಿ.

ಆರಿಸಿದ್ದನ್ನು ಪರೀಕ್ಷಿಸುವ ಬಗೆ

ಮರುಕಳಿಕೆಯ ನಡುವೆ ಅಥವಾ ಹೊಸ ಔಷಧ ಶುರುವಾದ ತಿಂಗಳಲ್ಲಿ ಪಥ್ಯ ಆರಂಭಿಸಬೇಡಿ. ಯಾವುದರಿಂದ ಏನಾಯಿತು ಎಂದು ಹೇಳಲಾಗುವುದಿಲ್ಲ. ಮೊದಲ ಎರಡು ವಾರ ಏನನ್ನೂ ಬದಲಿಸದೆ ಬರೆದಿಡಿ: ತೂಕ, ಮಲವಿಸರ್ಜನೆ ಎಷ್ಟು ಸಲ, ರಾತ್ರಿ ಎಷ್ಟು ಸಲ ಎದ್ದಿರಿ, 25 ಅಡಿ (7.6 ಮೀಟರ್) ನಡೆಯಲು ಎಷ್ಟು ಸೆಕೆಂಡ್. ದಣಿವಿಗೆ 21 ಪ್ರಶ್ನೆಗಳ ಎಂಎಫ್‌ಐಎಸ್ ಪ್ರಶ್ನಾವಳಿ ತುಂಬಿ. ಅದರಲ್ಲಿ 84 ಅಂಕ ಗರಿಷ್ಠ, 38 ದಾಟಿದರೆ ದಣಿವು ಗಂಭೀರ. ಆಮೇಲೆ ಒಂದೇ ಪಥ್ಯ, 12 ವಾರ. ನಡುವೆ ಮಾತ್ರೆ, ವ್ಯಾಯಾಮ, ಇನ್ನೊಂದು ನಿಷೇಧ ಯಾವುದನ್ನೂ ಸೇರಿಸಬೇಡಿ. ಕೊನೆಯಲ್ಲಿ ಅದೇ ಅಳತೆಗಳನ್ನು ಅದೇ ಹೊತ್ತಿನಲ್ಲಿ ತೆಗೆಯಿರಿ. ನಡಿಗೆಯ ಸಮಯದಲ್ಲಿ 20%ಗಿಂತ ಕಡಿಮೆ ವ್ಯತ್ಯಾಸವನ್ನು ದಿನದಿಂದ ದಿನಕ್ಕೆ ಆಗುವ ಏರಿಳಿತವೆಂದೇ ತಿಳಿಯಿರಿ. 12 ವಾರಕ್ಕೆ ಏನೂ ಬದಲಾಗದಿದ್ದರೆ ಪಥ್ಯ ಬಿಡಬಹುದು, ಅದರಿಂದ ರೋಗ ಹೆಚ್ಚುತ್ತದೆ ಎಂಬ ಭಯ ಬೇಡ.

ಇಳಿಸಬೇಕೆಂದಿಲ್ಲದ ತೂಕ 5% ಇಳಿದರೆ, ತಲೆಸುತ್ತು ಬಂದರೆ, ಬೇರೆಯವರೊಂದಿಗೆ ಕುಳಿತು ಉಣ್ಣಲು ಹೆದರಿಕೆ ಹುಟ್ಟಿದರೆ 12 ವಾರ ಕಾಯದೆ ನಿಲ್ಲಿಸಿ ಡಯಟೀಷಿಯನ್ ಹತ್ತಿರ ಹೋಗಿ. ಪಥ್ಯದ ನಡುವೆ ಹೊಸ ಲಕ್ಷಣ ಕಾಣಿಸಿ 24 ಗಂಟೆ ದಾಟಿ ಉಳಿದರೆ ಜ್ವರ ಮತ್ತು ಮೂತ್ರದ ಸೋಂಕು ಇದೆಯೇ ನೋಡಿಸಿ, ನರರೋಗ ತಜ್ಞರಿಗೆ ಅಂದೇ ತಿಳಿಸಿ. ಹಿಂದಿನ ರಾತ್ರಿ ಪಥ್ಯ ಮುರಿದಿದ್ದಕ್ಕೆ ಹೀಗಾಯಿತು ಎಂದು ಮುಚ್ಚಿಟ್ಟುಕೊಳ್ಳಬೇಡಿ. ಒಂದು ಊಟದಿಂದ ಮರುಕಳಿಕೆ ಬರುವುದಿಲ್ಲ, ತಡವಾಗಿ ಹೇಳಿದ್ದರಿಂದ ಚಿಕಿತ್ಸೆ ತಡವಾಗುತ್ತದೆ.